ಕಡಲ ಬದಿ ಕೂತು ಪರದೇಶದ ಕೆಲಸ: ಉಡುಪಿ–ಮಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಬಾಡಿಗೆಗೆ ಕೊಡುವವರು, ಬೆಂಗಳೂರಿನ ರೂಮು ಖಾಲಿ ಮಾಡಿ ಊರಿಗೆ ಬರಬೇಕೆಂದು ಲೆಕ್ಕ ಹಾಕುತ್ತಿರುವವರು, ದುಬೈಯಿಂದ ಶುಕ್ರವಾರ ಫೋನ್ ಮಾಡುವ ಅಣ್ಣಂದಿರು: ಈ ಮೂರು ಕಡೆಯಿಂದ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದೆ. ವೀಸಾ, ತೆರಿಗೆಯ ನಿಯಮಗಳು ತಿಂಗಳಿಗೊಮ್ಮೆ ಮಗ್ಗುಲು ಬದಲಿಸುತ್ತವೆ. ಟಿಕೆಟ್ ಮಾಡುವ ಮೊದಲು ಆಯಾ ಸರಕಾರದ ಜಾಲತಾಣ ಒಮ್ಮೆ ನೋಡಿಕೊಳ್ಳಿ.

ಡಿಜಿಟಲ್ ಅಲೆಮಾರಿ ಅಂದರೆ ಯಾರು? ಪ್ರವಾಸಿಗರಿಗೂ ಇವರಿಗೂ ಎಂತ ವ್ಯತ್ಯಾಸ?

ಸಂಬಳ ಒಂದು ಕಡೆಯಿಂದ, ಊಟ–ವಾಸ ಇನ್ನೊಂದು ಕಡೆ. ಲ್ಯಾಪ್‌ಟಾಪ್ ಮತ್ತು ಇಂಟರ್ನೆಟ್ ಇದ್ದರೆ ಕೆಲಸ ನಡೆಯುತ್ತದೆ. ಪ್ರವಾಸಿಗ ಕೃಷ್ಣ ಮಠ ನೋಡಿ, ಮಲ್ಪೆಯಲ್ಲಿ ಫೋಟೋ ತೆಗೆದು ಮೂರನೇ ದಿನ ಹೊರಡುತ್ತಾನೆ. ಇವರು ಒಂದು ತಿಂಗಳೋ ಆರು ತಿಂಗಳೋ ಕೂರುತ್ತಾರೆ, ಗ್ಯಾಸ್ ಕನೆಕ್ಷನ್ ಕೇಳುತ್ತಾರೆ, ಹಾಲಿನವರ ಹತ್ತಿರ ಲೆಕ್ಕ ಇಡುತ್ತಾರೆ. ಒಂದೇ ಕಡೆ ನೆಲೆಯೂರಿ ದೂರದ ಕಂಪನಿಗೆ ದುಡಿಯುವವರನ್ನು ಅಲೆಮಾರಿ ಅನ್ನುವುದು ಸರಿಯಲ್ಲ. ಆದರೆ ಊರಿನ ಮಟ್ಟಿಗೆ ಇಬ್ಬರ ಅಗತ್ಯವೂ ಒಂದೇ, ಹಾಗಾಗಿ ಇಲ್ಲಿ ಒಟ್ಟಿಗೇ ಹೇಳಿದ್ದೇನೆ.

ದೇಶವೊಂದು ವಿಶೇಷ ವೀಸಾ ತೆರೆದರೆ ಇವರು ಬಂದೇ ಬರುತ್ತಾರಾ?

ಬರುವುದಿಲ್ಲ. ಅಥವಾ ವೀಸಾದ ಕಾರಣಕ್ಕೆ ಬರುವುದಿಲ್ಲ ಅನ್ನಿ.

ಥಾಯ್ಲೆಂಡಿನ ಚಿಯಾಂಗ್ ಮಾಯ್, ಇಂಡೋನೇಷ್ಯಾದ ಬಾಲಿ ಈ ಜನರಿಂದ ತುಂಬಿ ಎಷ್ಟೋ ವರ್ಷಗಳಾಗಿವೆ. ಆಗ ಅಲ್ಲಿ ಅವರಿಗೆಂದೇ ಯಾವ ವೀಸಾವೂ ಇರಲಿಲ್ಲ. ಟೂರಿಸ್ಟ್ ವೀಸಾದಲ್ಲಿ ಬಂದು, ಮುಗಿದಾಗ ಪಕ್ಕದ ದೇಶಕ್ಕೆ ಹೋಗಿ ಮುದ್ರೆ ಒತ್ತಿಸಿಕೊಂಡು ಮರಳುತ್ತಿದ್ದರು. ಥಾಯ್ಲೆಂಡ್ ಇವರನ್ನೂ ಲೆಕ್ಕಕ್ಕಿಟ್ಟುಕೊಂಡು 5 ವರ್ಷದ ವೀಸಾ ತಂದದ್ದು 2024ರ ಜುಲೈಯಲ್ಲಿ. ಎಂದರೆ ಜನ ಮೊದಲು ಬಂದರು, ಕಾನೂನು ಹಿಂದಿನಿಂದ ಓಡಿ ಬಂತು. ಕಡಿಮೆ ಖರ್ಚು, ರಾತ್ರಿ ಹೊತ್ತಲ್ಲೂ ಸಿಗುವ ಊಟ, ಗಟ್ಟಿ ಇಂಟರ್ನೆಟ್, ತಮ್ಮಂಥವರೇ ನಾಲ್ಕು ಜನ ಮೊದಲೇ ಕೂತಿರುವುದು ಅವರನ್ನು ಎಳೆದವು.

ತಿರುಗುಮುರುಗಾದ ಕಥೆಯೂ ಉಂಟು. ಕೋವಿಡ್ ಹೊತ್ತಿಗೆ ಪ್ರವಾಸೋದ್ಯಮ ಮಕಾಡೆ ಮಲಗಿದಾಗ ಬಾರ್ಬಡೋಸ್ 2020ರ ಜುಲೈಯಲ್ಲಿ 12 ತಿಂಗಳ ಅನುಮತಿ ತೆರೆಯಿತು. ವರ್ಷಕ್ಕೆ 50,000 ಡಾಲರ್ ಆದಾಯ ಬೇಕು, ಒಬ್ಬರಿಗೆ 2,000 ಡಾಲರ್ ಶುಲ್ಕ. ಅದೇ ವರ್ಷ ಆಗಸ್ಟಿನಲ್ಲಿ ಎಸ್ಟೋನಿಯಾ ತನ್ನ ವೀಸಾ ಶುರು ಮಾಡಿತು. ಆಮೇಲೆ ಕ್ರೊಯೇಷ್ಯಾ, ಗ್ರೀಸ್, ಪೋರ್ಚುಗಲ್, ಸ್ಪೇನ್, ಮಲೇಷ್ಯಾ ಸಾಲಾಗಿ ಬಂದವು. ಪೋರ್ಚುಗಲ್, ಸ್ಪೇನಿಗೆ ಜನ ಹೋದದ್ದು ಅರ್ಜಿ ಫಾರಂ ಚೆನ್ನಾಗಿತ್ತೆಂದಲ್ಲ. ಬಿಸಿಲು, ರೈಲು, ಆಸ್ಪತ್ರೆ ಅಲ್ಲಿ ಮೊದಲೇ ಇದ್ದವು. ಜಾರ್ಜಿಯಾ ದೇಶ ಇನ್ನೂ ಸರಳ: ಎಷ್ಟೋ ದೇಶಗಳವರು ಅಲ್ಲಿ ವೀಸಾ ಇಲ್ಲದೆಯೇ ಒಂದು ವರ್ಷ ಇರಬಹುದು. ಆ ಪಟ್ಟಿಯಲ್ಲಿ ನಾವಿಲ್ಲ, ಅದು ಬೇರೆ ಮಾತು.

ವೀಸಾ ಬೇಡವೆಂದಲ್ಲ. ಇಲ್ಲದಿದ್ದರೆ ಜನ ಕದ್ದುಮುಚ್ಚಿ ಬರುತ್ತಾರೆ, ಆರು ತಿಂಗಳ ಬಾಡಿಗೆ ಕರಾರಿಗೆ ಸಹಿ ಹಾಕಲು ಹೆದರುತ್ತಾರೆ, ಮಕ್ಕಳನ್ನು ಕರೆತರುವುದಿಲ್ಲ. ಬಾಗಿಲು ತೆರೆದಿಡುವುದು ದೇಶದ ಕೆಲಸ, ಬಂದವರು ಎರಡನೇ ತಿಂಗಳೂ ಉಳಿಯುವಂತೆ ಮಾಡುವುದು ಊರಿನ ಕೆಲಸ. ನಮ್ಮಲ್ಲಿ ಚರ್ಚೆಯೆಲ್ಲ ಮೊದಲನೆಯದರ ಸುತ್ತಲೇ ಗಿರಕಿ ಹೊಡೆಯುತ್ತದೆ.

ಬೇರೆ ದೇಶಗಳು ಎಷ್ಟು ಆದಾಯ ಕೇಳುತ್ತವೆ? ನಾನು ಇಲ್ಲಿಂದ ಅಲ್ಲಿಗೆ ಹೋಗಬಹುದಾ?

ಮಲೇಷ್ಯಾ ತನ್ನ ಡಿಇ ರಾಂತೌ ಯೋಜನೆಯನ್ನು 2022ರಲ್ಲಿ ತೆರೆದಾಗ ಐಟಿಯವರಿಗೆ ವರ್ಷಕ್ಕೆ 24,000 ಡಾಲರ್ ಕೇಳಿತು. ನಮ್ಮ ಕಡೆಯ ನಡುಮಟ್ಟದ ಸಂಬಳದವರಿಗೂ ಎಟುಕಬಹುದಾದ್ದು ಅದೊಂದೇ ಅನ್ನಿ. ಥಾಯ್ಲೆಂಡ್ 5 ಲಕ್ಷ ಬಾತ್ ಬ್ಯಾಂಕಿನಲ್ಲಿ ತೋರಿಸಿ ಅನ್ನುತ್ತದೆ, ಒಂದು ಸಲ ಹೋದರೆ 180 ದಿನ. ಇಂಡೋನೇಷ್ಯಾ ವರ್ಷಕ್ಕೆ 60,000 ಡಾಲರ್ ಬಯಸುತ್ತದೆ. ಪೋರ್ಚುಗಲ್ ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು, ಸ್ಪೇನ್ ಎರಡು ಪಟ್ಟು. ಜಪಾನ್ 2024ರ ಮಾರ್ಚಿನಿಂದ 6 ತಿಂಗಳ ಅವಕಾಶ ಕೊಡುತ್ತಿದೆ, ವರ್ಷಕ್ಕೆ 1 ಕೋಟಿ ಯೆನ್ ದುಡಿಯುವವರಿಗೆ. ಆದರೆ ಅದು ವೀಸಾ ವಿನಾಯಿತಿ ಇರುವ ದೇಶಗಳವರಿಗೆ ಮಾತ್ರ, ಭಾರತೀಯ ಪಾಸ್‌ಪೋರ್ಟಿಗೆ ಇಲ್ಲ.

ಭಾರತದಲ್ಲಿ ಇಂಥ ವೀಸಾ ಉಂಟಾ? ಟೂರಿಸ್ಟ್ ವೀಸಾದಲ್ಲಿ ಬಂದು ರೂಮಲ್ಲಿ ಕೂತು ಕೆಲಸ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ?

ಪ್ರತ್ಯೇಕ ವೀಸಾ ಇಲ್ಲ. ಇರುವುದು ಇ–ಟೂರಿಸ್ಟ್ ವೀಸಾ: 30 ದಿನ, 1 ವರ್ಷ, 5 ವರ್ಷ ಎಂಬ ಮೂರು ಬಗೆ. ಉದ್ದನೆಯದರಲ್ಲೂ ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಅದರಲ್ಲಿ ಬಂದು ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿ ಊರು ನೋಡುವುದು, ನೆಂಟರನ್ನು ಕಾಣುವುದು, ಸಣ್ಣ ಅವಧಿಯ ಯೋಗ ಶಿಬಿರದಂಥವು ಇವೆ. ‘ಹೊರದೇಶದ ಕಂಪನಿಗೆ ಇಲ್ಲಿ ಕೂತು ದುಡಿಯಬಹುದು’ ಎಂಬ ಸಾಲು ಇಲ್ಲ. ಎಂಪ್ಲಾಯ್‌ಮೆಂಟ್ ವೀಸಾ ಭಾರತದ ಸಂಸ್ಥೆ ಕರೆಸಿಕೊಳ್ಳುವವರಿಗೆ. ಅದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ರೂಪಾಯಿಯ ಸಂಬಳದ ಮಿತಿಯೂ ಇದೆ. ಜರ್ಮನಿಯ ಕಂಪನಿಗೆ ಕೋಡ್ ಬರೆಯುವ ಜರ್ಮನಿಯವನಿಗೆ ಎರಡೂ ಸರಿಹೊಂದುವುದಿಲ್ಲ.

ಯಾರಿಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಗೋಕರ್ಣದಲ್ಲೂ ಗೋವಾದಲ್ಲೂ ಜನ ಹಾಗೆ ಇದ್ದಾರೆ ಎಂಬುದು ಗುಟ್ಟಲ್ಲ, ಆದರೆ ಸಿಕ್ಕಿಬಿದ್ದರೆ ಪಾಸ್‌ಪೋರ್ಟ್ ಅವರದ್ದು, ಮನೆ ನಿಮ್ಮದು. ನಮ್ಮ ಊರಿಗೆ ಒಂದು ಅನುಕೂಲ ಹೇಳಬೇಕು: ಇ–ವೀಸಾದಲ್ಲಿ ಬಂದು ಇಳಿಯಬಹುದಾದ ವಿಮಾನ ನಿಲ್ದಾಣಗಳ ಪಟ್ಟಿಯಲ್ಲಿ ಮಂಗಳೂರು ಇದೆ, ಬಂದರುಗಳ ಪಟ್ಟಿಯಲ್ಲಿ ಪಣಂಬೂರಿನ ನವಮಂಗಳೂರು ಬಂದರೂ ಇದೆ. ದೆಹಲಿ ನಾಳೆ ಹೊಸ ವೀಸಾ ತಂದರೂ ಇಳಿಯುವ ಜಾಗಕ್ಕೆ ನಾವು ಹೊಸದಾಗಿ ಪರದಾಡಬೇಕಾಗಿಲ್ಲ.

ಹಾಗಾದರೆ ನಮ್ಮ ಕರಾವಳಿಗೆ ಬರುವವರು ಯಾರು?

ನಮ್ಮವರೇ. ಹಳದಿ ಕೂದಲಿನವರಿಗಾಗಿ ಕಾಯುವ ಹೊತ್ತಿನಲ್ಲಿ ಪಕ್ಕದ ಮನೆಯ ಹುಡುಗಿಯನ್ನು ಮರೆಯುತ್ತೇವೆ. ಸುರತ್ಕಲ್ ಎನ್‌ಐಟಿಕೆಯಲ್ಲೋ ನಿಟ್ಟೆಯಲ್ಲೋ ಮಣಿಪಾಲದಲ್ಲೋ ಓದಿ, ಬೆಂಗಳೂರಿನ ಬೆಳ್ಳಂದೂರಿನಲ್ಲಿ ಅರ್ಧ ಸಂಬಳ ಬಾಡಿಗೆಗೆ ಸುರಿದು, ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು ಬರುವವರು ಎಷ್ಟು ಮಂದಿ! ಅವರಿಗೆ ವೀಸಾ ಬೇಡ, ತೆರಿಗೆಯ ಗೋಜಲಿಲ್ಲ, ಮೀನಿನ ಸಾರು ಅಭ್ಯಾಸ ಮಾಡಿಸಬೇಕಾಗಿಲ್ಲ. ವಾರಕ್ಕೆ ಮೂರು ದಿನ ಆಫೀಸು ಕಡ್ಡಾಯವೆಂದರೆ ಆಗದು. ತಿಂಗಳಿಗೊಮ್ಮೆ ಬಂದು ಹೋಗು ಎನ್ನುವ ಕಂಪನಿಗಳು ಇನ್ನೂ ಇವೆ.

ಎರಡನೆಯವರು ಒಸಿಐ ಕಾರ್ಡಿನವರು. ಅಮೆರಿಕ, ಬ್ರಿಟನ್, ಕೆನಡಾದ ಪೌರತ್ವ ತೆಗೆದುಕೊಂಡ ನಮ್ಮ ಶೆಟ್ಟರು, ಭಟ್ಟರು, ಡಿಸೋಜರ ಮಕ್ಕಳಿಗೆ ಈ ಕಾರ್ಡು ಜೀವನಪರ್ಯಂತದ ವೀಸಾ ಇದ್ದ ಹಾಗೆ. ಎಷ್ಟು ದಿನ ಬೇಕಾದರೂ ಇರಬಹುದು, ಪೊಲೀಸ್ ನೋಂದಣಿ ಇಲ್ಲ, ಪತ್ರಿಕೋದ್ಯಮ, ಸಂಶೋಧನೆಯಂಥ ಕೆಲವು ಬಿಟ್ಟರೆ ಕೆಲಸಕ್ಕೆ ಬೇರೆ ಅನುಮತಿಯೂ ಬೇಡ. ಅಜ್ಜಿ ಇರುವ ತನಕ ವರ್ಷಕ್ಕೆ ಮೂರು ತಿಂಗಳು ಊರಲ್ಲಿರಬೇಕೆನ್ನುವವರು ಇವರಲ್ಲಿ ಬೇಕಾದಷ್ಟು. ಭಾರತಕ್ಕೆ ಡಿಜಿಟಲ್ ಅಲೆಮಾರಿ ವೀಸಾ ಇಲ್ಲ ಎನ್ನುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹೊರಗಿನ ದುಡ್ಡು ಒಳಗೆ ಬರುವುದು ಈ ಜಿಲ್ಲೆಗಳಿಗೆ ಹೊಸತೇನಲ್ಲ. ಮುಂಬಯಿಯ ಹೋಟೆಲುಗಳಿಂದ ಮನಿಯಾರ್ಡರ್ ಬಂತು, ಆಮೇಲೆ ಗಲ್ಫಿನಿಂದ ಡ್ರಾಫ್ಟ್ ಬಂತು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಎಂದು ಸಾಲು ಸಾಲು ಬ್ಯಾಂಕು ಕಟ್ಟಿದ ನೆಲ ಇದು. ಪ್ರತಿ ಸಲವೂ ದುಡ್ಡು ಬಂದು ಆಳು ಹೊರಗೆ ಉಳಿಯುತ್ತಿದ್ದ. ಈಗ ಆಳೂ ಬರಬಹುದು ಎಂಬುದಷ್ಟೇ ಹೊಸತು. ಇಲ್ಲೇ ಕೂತು ಹೊರದೇಶಕ್ಕೆ ಕೆಲಸ ಮಾಡುವುದೂ ಹಳೆಯದೇ: ಉಡುಪಿಯ ರೋಬೋಸಾಫ್ಟ್ ಶುರುವಾದದ್ದು 1996ರಲ್ಲಿ, ನಮ್ಮಲ್ಲಿ ಡಯಲ್ ಅಪ್ ಇಂಟರ್ನೆಟ್ ಕಿರ್ರೆನ್ನುತ್ತಿದ್ದ ಕಾಲದಲ್ಲಿ.

ಅಮೆರಿಕದ ತುಲ್ಸಾ ನಗರದ ಉದಾಹರಣೆ ನಮಗೆ ಬಾಲಿಗಿಂತ ಹತ್ತಿರ. ಅಲ್ಲಿನ ಒಂದು ಪ್ರತಿಷ್ಠಾನ 2018ರಿಂದ, ಬೇರೆ ರಾಜ್ಯದಿಂದ ಬಂದು ಒಂದು ವರ್ಷ ನೆಲೆಸುವ ದೂರದ ಕೆಲಸಗಾರರಿಗೆ 10,000 ಡಾಲರ್ ಕೊಡುತ್ತ ಬಂತು. ಆ ಊರು ಆರಿಸಿಕೊಂಡದ್ದು ತನ್ನದೇ ದೇಶದವರನ್ನು. ನಾವು ಹಣ ಕೊಡುವುದೂ ಬೇಡ, ಮಾರಾಯ್ರೆ. ಕರೆಂಟು ಕೊಟ್ಟರೆ ಸಾಕು.

ಕರೆಂಟು, ಇಂಟರ್ನೆಟ್ ನಿಜವಾಗಿ ಹೇಗಿದೆ? ಮಳೆಗಾಲದಲ್ಲಿ?

ನವೆಂಬರಿನಿಂದ ಮಾರ್ಚ್ ತನಕ ದೂರು ಹೇಳುವಂತಿಲ್ಲ. ಮಂಗಳೂರು, ಸುರತ್ಕಲ್, ಉಡುಪಿ, ಮಣಿಪಾಲದಲ್ಲಿ ಫೈಬರ್ ಮನೆ ಬಾಗಿಲಿಗೆ ಬರುತ್ತದೆ, ನಾಲ್ಕೈದು ಕಂಪನಿಗಳಲ್ಲಿ ಆರಿಸಬಹುದು. ಕಾಪು, ಪಡುಬಿದ್ರಿ, ಮೂಲ್ಕಿಯಂಥ ಹೆದ್ದಾರಿ ಬದಿಯ ಊರುಗಳಲ್ಲೂ ತೊಂದರೆ ಕಡಿಮೆ. ಹೆದ್ದಾರಿಯಿಂದ ಮೂಡಣಕ್ಕೆ, ಹೆಬ್ರಿ, ಕಾರ್ಕಳದ ಆಚೆಯ ಘಟ್ಟದ ಬುಡಕ್ಕೆ ಹೋದಂತೆ ಮೊಬೈಲ್ ಸಿಗ್ನಲ್ ಹುಡುಕಿ ಅಂಗಳದ ತುದಿಗೆ ಹೋಗುವ ಸ್ಥಿತಿ ಇನ್ನೂ ಇದೆ.

ನಿಜವಾದ ಪರೀಕ್ಷೆ ಜೂನಿನಲ್ಲಿ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. ಗಾಳಿಗೆ ತೆಂಗಿನ ಮಡಲೋ ಮಾವಿನ ಗೆಲ್ಲೋ ಲೈನಿನ ಮೇಲೆ ಬೀಳುತ್ತದೆ. ನಮ್ಮಲ್ಲಿ ಫೈಬರ್ ವಯರನ್ನೂ ಅದೇ ಕಂಬಕ್ಕೆ ಸುತ್ತಿರುವುದರಿಂದ ಎರಡೂ ಒಟ್ಟಿಗೆ ಹೋಗುತ್ತವೆ. ಮೆಸ್ಕಾಂನವರಿಗೆ 1912ಕ್ಕೆ ಹೇಳಿದರೆ ಲೈನ್‌ಮ್ಯಾನ್ ರೈನ್‌ಕೋಟಿನಲ್ಲಿ ಬಂದು ಕಂಬ ಹತ್ತುತ್ತಾನೆ, ಅವನನ್ನು ಬೈಯುವ ಮನಸ್ಸು ಯಾರಿಗೂ ಬರುವುದಿಲ್ಲ. ಕರೆಂಟು ಬಂದ ಮೇಲೂ ನಿಮ್ಮ ಮೋಡೆಮಿನಲ್ಲಿ ‘ಲಾಸ್’ ಎಂದು ಬರೆದ ಪುಟ್ಟ ದೀಪ ಕೆಂಪಾಗಿ ಮಿನುಗುತ್ತಲೇ ಇರುತ್ತದೆ. ಅದರರ್ಥ ಬೆಳಕು ನಿಮ್ಮ ಮನೆ ಮುಟ್ಟುತ್ತಿಲ್ಲ, ದಾರಿಯಲ್ಲಿ ಎಲ್ಲೋ ವಯರು ತುಂಡಾಗಿದೆ. ಕೇಬಲ್ ಹುಡುಗ ಬಂದು, ಒಬ್ಬ ಕೊಡೆ ಹಿಡಿದಿರುವಾಗ ಇನ್ನೊಬ್ಬ ಸ್ಕೂಟರಿನ ಸೀಟಿನ ಮೇಲೆ ಯಂತ್ರ ಇಟ್ಟು ಕೂದಲೆಳೆಯಷ್ಟು ಸಪೂರದ ಗಾಜಿನ ಎಳೆಯನ್ನು ಬೆಸೆಯುವುದು ನೋಡುವಂಥದ್ದೇ. ಬೆಸೆದು ಮುಗಿದ ಮೇಲೆ ಬೆಳಕಿನ ಬಲ ಅಳೆಯುವ ಮೀಟರ್ ತೋರಿಸಲು ಹೇಳಿ. ಮೈನಸ್ 20ರ ಆಸುಪಾಸು ಇದ್ದರೆ ಚೆನ್ನ, ಮೈನಸ್ 27ರ ಹತ್ತಿರ ಇದ್ದರೆ ಮುಂದಿನ ಮಳೆಗೆ ಮತ್ತೆ ಅವನಿಗೇ ಫೋನ್ ಮಾಡಬೇಕಾಗುತ್ತದೆ.

ಮೊಬೈಲ್ ಹಾಟ್‌ಸ್ಪಾಟ್ ಉಂಟಲ್ಲ ಎನ್ನುವವರು ಒಂದು ವಿಷಯ ಮರೆಯುತ್ತಾರೆ: ಟವರಿಗೂ ಅದೇ ಕರೆಂಟು. ಕೆಲವು ತಾಸು ಬ್ಯಾಟರಿಯಲ್ಲಿ ನಡೆದು, ಇಡೀ ಊರು ಅದರ ಮೇಲೆ ಬಿದ್ದಾಗ ಅದೂ ಕೈಚೆಲ್ಲುತ್ತದೆ. ಹಾಗಾಗಿ ಒಂದು ಕಂಪನಿಯ ಫೈಬರ್, ಬೇರೆ ಕಂಪನಿಯ ಸಿಮ್, ಮನೆಗೆ ಇನ್ವರ್ಟರ್, ರೂಟರಿಗೆ ಬೇರೆಯೇ ಒಂದು ಪುಟ್ಟ ಯುಪಿಎಸ್. ಇಷ್ಟು ಇದ್ದರೆ ಹತ್ತರಲ್ಲಿ ಒಂಬತ್ತು ಮಳೆ ದಾಟಬಹುದು. ಹತ್ತನೆಯದಕ್ಕೆ ಜನರೇಟರ್ ಇರುವ ಜಾಗ ಬೇಕು. ಅದಕ್ಕೇ ಮಳೆಗಾಲದಲ್ಲಿ ಒಂಟಿ ಮನೆಗಿಂತ ಫ್ಲ್ಯಾಟ್ ಲೇಸು.

ಮಳೆಗಿಂತ ಹೆಚ್ಚು ಹಾನಿ ಮಾಡುವುದು ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಿಡಿಲು. ಮಧ್ಯಾಹ್ನ ಮೂಡಣ ಕಪ್ಪಾದರೆ ಇಲ್ಲಿನ ಅಮ್ಮಂದಿರು ಮೊದಲು ಟಿವಿಯ ಪ್ಲಗ್ ಕೀಳುತ್ತಾರೆ. ಅದು ಮೂಢನಂಬಿಕೆಯಲ್ಲ, ಸುಟ್ಟ ಅಡಾಪ್ಟರುಗಳು ಕಲಿಸಿದ ಪಾಠ. ನೀವೂ ಕೀಳಿ. ಕಡಲ ತೀರದಿಂದ ಕೂಗಳತೆಯಲ್ಲಿ ಮನೆ ಮಾಡಿದರೆ ಉಪ್ಪು ಗಾಳಿಗೆ ಚಾರ್ಜಿಂಗ್ ಪೋರ್ಟು ತುಕ್ಕು ಹಿಡಿಯುತ್ತದೆ, ಜುಲೈಯಲ್ಲಿ ಚರ್ಮದ ಬ್ಯಾಗಿಗೆ ಬೂಷ್ಟು ಬರುತ್ತದೆ.

ಮತ್ತೆ ನೀರು. ಇಷ್ಟು ಮಳೆ ಬೀಳುವ ಊರಲ್ಲಿ ಮೇ ತಿಂಗಳಿಗೆ ನೀರಿಲ್ಲ ಎಂದರೆ ಹೊರಗಿನವರು ನಗುತ್ತಾರೆ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟು, ಉಡುಪಿಗೆ ಸ್ವರ್ಣಾ ನದಿಯ ಬಜೆ; ಮಳೆ ತಡವಾದ ವರ್ಷ ಎರಡೂ ತಳ ಕಾಣುತ್ತವೆ, ಟ್ಯಾಂಕರ್ ತರಿಸಬೇಕಾಗುತ್ತದೆ. ಮನೆ ನೋಡುವಾಗ ಬಾವಿ ಉಂಟಾ ಎಂದು ಕೇಳುವುದು ವೈಫೈ ಉಂಟಾ ಎಂದು ಕೇಳಿದಷ್ಟೇ ಮುಖ್ಯ.

ದುಬೈ ಕಂಪನಿ ‘ಊರಿಂದಲೇ ಮಾಡು’ ಎಂದಿದೆ. ತೆರಿಗೆ ಕಟ್ಟಬೇಕಾ?

ಹೆಚ್ಚು ಜನ ಎಡವುವುದು ಇಲ್ಲಿ. ಹಣ ದುಬೈ ಖಾತೆಗೇ ಬೀಳುತ್ತದೆ, ಹಾಗಾಗಿ ಭಾರತಕ್ಕೆ ಸಂಬಂಧವಿಲ್ಲ ಎಂಬುದು ತಪ್ಪು ತಿಳಿವಳಿಕೆ. ಭಾರತದ ನೆಲದಲ್ಲಿ ಕೂತು ಮಾಡಿದ ಕೆಲಸದ ಸಂಬಳ ಭಾರತದಲ್ಲಿ ಗಳಿಸಿದ್ದು ಎಂಬುದೇ ನಮ್ಮ ಆದಾಯ ತೆರಿಗೆ ಕಾನೂನಿನ ನಿಲುವು. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದಲ್ಲಿ ಷರತ್ತುಗಳೊಂದಿಗೆ 183 ದಿನದ ವಿನಾಯಿತಿ ಸಿಗಬಹುದು. ಭಾರತದ ಪ್ರಜೆಯಲ್ಲದ, ಹೊರದೇಶದ ಕಂಪನಿಯ ನೌಕರರಿಗೆ, ಆ ಕಂಪನಿ ಇಲ್ಲಿ ವ್ಯವಹಾರ ನಡೆಸದಿದ್ದರೆ, 90 ದಿನದೊಳಗಿನ ವಾಸಕ್ಕೆ ಬೇರೆ ವಿನಾಯಿತಿ ಇತ್ತು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿರುವುದರಿಂದ ಹಳೆಯ ಸೆಕ್ಷನ್ ನಂಬರ್ ಹಿಡಿದು ಹುಡುಕಬೇಡಿ, ಸಿಎಯವರಲ್ಲಿ ಹೊಸತು ಕೇಳಿ.

ಒಂದು ಹಣಕಾಸು ವರ್ಷದಲ್ಲಿ ಇಲ್ಲಿ ಒಟ್ಟು 182 ದಿನ ಇದ್ದರೆ ನೀವು ಸಾಮಾನ್ಯವಾಗಿ ಇಲ್ಲಿನ ನಿವಾಸಿ. ಇಲ್ಲಿನ ಬಾಡಿಗೆ, ಬಡ್ಡಿ ಸೇರಿ ಭಾರತದ ಆದಾಯವೇ 15 ಲಕ್ಷ ದಾಟುವ ಅನಿವಾಸಿಗಳಿಗೆ ಆ ಗಡಿ 120 ದಿನಕ್ಕೆ ಇಳಿಯಬಹುದು. ಇನ್ನೊಂದು ಕಡೆಯ ಗಡಿಯಾರವೂ ಓಡುತ್ತಿರುತ್ತದೆ: ಯುಎಇಯ ಸಾಮಾನ್ಯ ನಿವಾಸಿ ವೀಸಾದವರು 6 ತಿಂಗಳಿಗಿಂತ ಹೆಚ್ಚು ಹೊರಗೆ ಉಳಿದರೆ ಅದು ರದ್ದಾಗುತ್ತದೆ. ಗೋಲ್ಡನ್ ವೀಸಾದವರಿಗೆ ಆ ಭಯವಿಲ್ಲ.

ಇಲ್ಲೇ ಇದ್ದು ವಿದೇಶಿ ಗ್ರಾಹಕರಿಗೆ ಸ್ವಂತವಾಗಿ ಕೆಲಸ ಮಾಡುವ ಫ್ರೀಲಾನ್ಸರುಗಳಿಗೆ ಒಂದೇ ಮಾತು: ಅದು ಸೇವೆಯ ರಫ್ತು, ಜಿಎಸ್‌ಟಿ ಶೂನ್ಯ ದರ. ಆದರೆ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಬೇಕು. ಡಾಲರ್ ಬಂದ ಪ್ರತಿ ಸಲವೂ ಬ್ಯಾಂಕಿನ ಕಾಗದ ತೆಗೆದಿಡಿ.

ಯುರೋಪ್, ಅಮೆರಿಕದ ಸಮಯಕ್ಕೆ ಇಲ್ಲಿಂದ ಹೊಂದುತ್ತದಾ?

ಯುರೋಪಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬರ್ಲಿನ್ನಿನ ಬೆಳಿಗ್ಗೆ 9 ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 12.30, ಚಳಿಗಾಲದಲ್ಲಿ 1.30. ಬೆಳಿಗ್ಗೆ ಪೂರ್ತಿ ನಿಮ್ಮದು: ಮೂಲ್ಕಿ–ಸಸಿಹಿತ್ಲುವಿನಲ್ಲಿ ಸರ್ಫಿಂಗ್, ಬನ್ಸ್ ತಿಂಡಿ, ಮೀನು ಮಾರುಕಟ್ಟೆ ಎಲ್ಲ ಮುಗಿಸಿ ಕೂರಬಹುದು. ದುಬೈಗೆ ಒಂದೂವರೆ ತಾಸಿನ ವ್ಯತ್ಯಾಸವಷ್ಟೇ. ಕಷ್ಟ ಅಮೆರಿಕದ್ದು. ನ್ಯೂಯಾರ್ಕಿನ ಬೆಳಿಗ್ಗೆ 9 ನಮಗೆ ಸಂಜೆ 6.30 ಅಥವಾ 7.30, ಕ್ಯಾಲಿಫೋರ್ನಿಯಾದ್ದು ರಾತ್ರಿ 9.30ರ ಮೇಲೆ. ಮೊದಲಾದರೆ ರಾತ್ರಿ ಎರಡಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಯಕ್ಷಗಾನದ ಆಟ ನೋಡಲು ಹೋಗಬಹುದಿತ್ತು. ಈಗ ಹಲವು ಮೇಳಗಳು ಕಾಲಮಿತಿಗೆ ಬಂದು ಆ ಸುಖವೂ ಇಲ್ಲ.

ಮೇಲಿನ ಮಾಳಿಗೆ ಖಾಲಿ ಇದೆ. ವಿದೇಶಿಯರಿಗೆ ಕೊಟ್ಟರೆ ಎಂತ ಮಾಡಬೇಕು?

ವಿದೇಶಿ ಪ್ರಜೆ ನಿಮ್ಮ ಮನೆಗೆ ಬಂದ 24 ತಾಸಿನೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಜನ ಇದನ್ನು ‘ಸಿ ಫಾರಂ’ ಎಂದೇ ಕರೆಯುತ್ತಾರೆ. ಲಾಡ್ಜಿನವರಿಗೆ ಮಾತ್ರ ಎಂದುಕೊಂಡವರು ಹಲವರು, ಮನೆಯವರಿಗೂ ಅನ್ವಯ. 180 ದಿನಕ್ಕಿಂತ ಉದ್ದದ ವೀಸಾದಲ್ಲಿ ಬಂದವರು ಬಹುಪಾಲು ಸಂದರ್ಭಗಳಲ್ಲಿ 14 ದಿನದೊಳಗೆ ತಾವೇ ನೋಂದಣಿ ಮಾಡಿಸಬೇಕು, ಅದೂ ಆನ್‌ಲೈನ್.

ಭಾರತೀಯರೇ ಆದರೆ 11 ತಿಂಗಳ ಕರಾರು ಪತ್ರ, ಆಧಾರ್ ಪ್ರತಿ, ಅಡ್ವಾನ್ಸ್. ಇದು ಎಲ್ಲರಿಗೂ ಗೊತ್ತು. ನನ್ನ ತಕರಾರು ಬೇರೆ. ನಮ್ಮ ಮಾಲೀಕರಿಗೆ ‘ಫ್ಯಾಮಿಲಿ ಮಾತ್ರ’, ‘ವೆಜ್ ಮಾತ್ರ’, ‘ರಾತ್ರಿ ಹತ್ತಕ್ಕೆ ಗೇಟ್’ ಎಂಬ ಮೂರು ಬೀಗ. ಮೂರು ತಿಂಗಳಿಗೆ ಮನೆ ಬೇಕೆಂದರೆ ‘ಲಾಡ್ಜಿಗೆ ಹೋಗಿ’ ಅನ್ನುತ್ತಾರೆ. ಅಮೆರಿಕದ ಸಮಯಕ್ಕೆ ಕೆಲಸ ಮಾಡುವ ಒಂಟಿ ಹೆಣ್ಣುಮಗಳು ಇಲ್ಲಿ ಮನೆ ಹುಡುಕುವ ಕಷ್ಟ ಯಾವ ವೀಸಾ ಕಚೇರಿಯಲ್ಲೂ ಇಲ್ಲ. ಮಣಿಪಾಲದಲ್ಲಿ ಈ ಬೀಗಗಳು ಬಹಳ ಹಿಂದೆಯೇ ಸಡಿಲವಾದವು. 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಬಂದ ಮೇಲೆ ಮಲೇಷ್ಯಾದವರೂ ಸೇರಿದಂತೆ ದೇಶ ವಿದೇಶದ ಮಕ್ಕಳಿಗೆ ಮನೆ ಕೊಟ್ಟು ಕೊಟ್ಟು ಅಭ್ಯಾಸವಾಯಿತು. ಐದು ಕಿಲೋಮೀಟರ್ ಕೆಳಗೆ ಉಡುಪಿಗೆ ಇಳಿದರೆ ನಿಯಮ ಬೇರೆ.

ಹೋಮ್‌ಸ್ಟೇ ಎಂದು ಬೋರ್ಡು ಹಾಕುವುದಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಬೇಕು. ಕಡಲ ಬದಿ ಹೊಸದಾಗಿ ಕಟ್ಟುವವರು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ನೋಡದೆ ಕಲ್ಲು ಇಳಿಸಬೇಡಿ. ಕೃಷ್ಣ ಮಠದ ಪರ್ಯಾಯ ಉತ್ಸವದ ಜನವರಿಯಲ್ಲಿ, ಅಂದರೆ ಎರಡು ವರ್ಷಕ್ಕೊಮ್ಮೆ 18ರ ಹಿಂದುಮುಂದು, ಹೆಚ್ಚು ಬಾಡಿಗೆಯ ಆಸೆಗೆ ತಿಂಗಳ ಬಾಡಿಗೆಯವರನ್ನು ಹೊರಗೆ ಕಳಿಸುವ ಕೆಲವರಿದ್ದಾರೆ. ಕರಾರಿನಲ್ಲಿ ಅದಕ್ಕೆ ಅವಕಾಶ ಇಡಬೇಡಿ ಎಂದು ಬರುವವರಿಗೂ ಹೇಳುತ್ತೇನೆ.

ಹೊರಗಿನವರು ಬಂದರೆ ಊರವರಿಗೆ ಬಾಡಿಗೆ ಏರುವುದಿಲ್ಲವಾ?

ಏರುತ್ತದೆ, ತಡೆಯದಿದ್ದರೆ. 2023ರಲ್ಲಿ ಲಿಸ್ಬನ್ನಿನ ಜನ ಮನೆ ಬಾಡಿಗೆಯ ವಿರುದ್ಧ ಬೀದಿಗಿಳಿದರು. ಹೊರಗಿನಿಂದ ಬಂದವರಿಗೆ ಕೊಡುತ್ತಿದ್ದ ಹಳೆಯ ತೆರಿಗೆ ರಿಯಾಯಿತಿಯನ್ನು ಪೋರ್ಚುಗಲ್ 2024ರಿಂದ ಹೊಸಬರಿಗೆ ಮುಚ್ಚಿತು. 2025ರ ಜುಲೈಯಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಅದೇ ಸಿಟ್ಟು ಸ್ಫೋಟಿಸಿತು. ಅಷ್ಟು ದೂರ ಯಾಕೆ, ಕೋವಿಡ್ ನಂತರ ಉತ್ತರ ಗೋವಾದಲ್ಲಿ ದೆಹಲಿಯವರು ಮನೆ ಕೊಂಡ ರಭಸ ಕೇಳಿ ನೋಡಿ.

ನಮ್ಮ ಜಿಲ್ಲೆಗಳಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ ಎಂದು ನನ್ನ ಎಣಿಕೆ. ಇಲ್ಲಿ ಬೀಗ ಹಾಕಿದ ಮನೆಗಳೇ ಸಾಲುಸಾಲು ಇವೆ: ಮಕ್ಕಳು ಮಸ್ಕತ್ತಿನಲ್ಲಿ, ಮುಂಬಯಿಯಲ್ಲಿ, ಮನೆ ಮೇ ತಿಂಗಳ ಮದುವೆ, ಕೋಲಕ್ಕೆ ಮಾತ್ರ ತೆರೆಯುವುದು. ಆ ಮನೆಗಳಿಗೆ ಜನ ಬಂದರೆ ಯಾರ ಬಾಡಿಗೆಯೂ ಏರುವುದಿಲ್ಲ, ಹಂಚಿನ ಪಕ್ಕಾಸಿಗೆ ಗೆದ್ದಲು ಹತ್ತುವುದೂ ನಿಲ್ಲುತ್ತದೆ. ಮಂಗಳೂರಿನ ಕದ್ರಿ, ಬಿಜೈಯಲ್ಲಿ ನರ್ಸುಗಳು, ಅಂಗಡಿ ಕೆಲಸದವರು ಇರುವ ಹಳೆ ಮನೆಗಳನ್ನು ಖಾಲಿ ಮಾಡಿಸಿ ‘ಸ್ಟುಡಿಯೋ’ ಮಾಡಿದರೆ ಮಾತ್ರ ಜಗಳ ಶುರು.

ಒಬ್ಬಳೇ ಬರುವ ಹೆಣ್ಣುಮಕ್ಕಳಿಗೆ ಸುರಕ್ಷಿತವಾ? ನೈತಿಕ ಪೊಲೀಸ್‌ಗಿರಿ?

ಕಳ್ಳಕಾಕರ ಭಯಕ್ಕೆ ಸಂಬಂಧಿಸಿ ಇದು ನೆಮ್ಮದಿಯ ಊರು. ರಾತ್ರಿ ಬಸ್ಸಿಳಿದು ರಿಕ್ಷಾದಲ್ಲಿ ಮನೆಗೆ ಹೋಗುವ ಹೆಂಗಸರು ಸಾಮಾನ್ಯ. ಆದರೆ 2009ರ ಜನವರಿಯ ಪಬ್ ದಾಳಿಯನ್ನು ಮಂಗಳೂರಿನ ಹೆಸರಿಂದ ಒರೆಸಲಾಗಿಲ್ಲ, ಆಮೇಲೂ ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಒಟ್ಟಿಗೆ ಕಂಡರೆ ಅಡ್ಡ ಹಾಕುವ ಸುದ್ದಿಗಳು ನಿಂತಿಲ್ಲ. ಪ್ರವಾಸೋದ್ಯಮದ ಬ್ರೋಷರಿನಲ್ಲಿ ಇದನ್ನು ಬರೆಯುವುದಿಲ್ಲ, ಬರುವವರು ಮಾತ್ರ ಮೊದಲು ಹುಡುಕುವುದು ಇದನ್ನೇ. ಊರು ನಿಜವಾಗಿ ಜನ ಬರಲಿ ಎಂದು ಬಯಸಿದರೆ, ರಸ್ತೆಯಲ್ಲಿ ತಡೆದವನ ಮೇಲೆ ಅದೇ ದಿನ ಕೇಸು ಆಗುವುದು ಯಾವ ಕೋ–ವರ್ಕಿಂಗ್ ಕೇಂದ್ರಕ್ಕಿಂತ ದೊಡ್ಡ ಜಾಹೀರಾತು.

ಮನೆಯಲ್ಲೇ ಕೂತರೆ ‘ಕೆಲಸ ಇಲ್ವಾ ನಿನಗೆ?’ ಎನ್ನುತ್ತಾರೆ. ಎಂತ ಮಾಡುವುದು?

ಊರಿಗೆ ಮರಳಿದವರ ದೊಡ್ಡ ಕಷ್ಟವೇ ಇದು, ಸಿಗ್ನಲ್ ಅಲ್ಲ. ಮನೆಯಲ್ಲಿ ಇದ್ದೀಯಲ್ಲ, ಸಿಲಿಂಡರ್ ಬರುತ್ತದೆ ತೆಗೋ. ಮಾವನನ್ನು ಕೆಎಂಸಿ ಆಸ್ಪತ್ರೆಗೆ ಕರಕೊಂಡು ಹೋಗು. ನಾಳೆ ನಾಗತಂಬಿಲದ ಪೂಜೆ, ಬೆಳಿಗ್ಗೆ ಸ್ವಲ್ಪ ಹೊತ್ತು ಅಷ್ಟೇ. ಆ ಸ್ವಲ್ಪ ಹೊತ್ತು ಊಟ ಮುಗಿಯುವಾಗ ಮೂರು ಗಂಟೆ. ಬಾಗಿಲು ಇರುವ ಪ್ರತ್ಯೇಕ ಕೋಣೆ ಇದ್ದರೆ ಅರ್ಧ ಬಗೆಹರಿಯುತ್ತದೆ. ಬೆಳಿಗ್ಗೆ ಪ್ಯಾಂಟು ಹಾಕಿ ಕೂರುವುದೂ ಕೆಲಸ ಮಾಡುತ್ತದೆ, ನಗಬೇಡಿ. ಲುಂಗಿಯಲ್ಲಿ ಇರುವವನನ್ನು ಯಾರೂ ಆಫೀಸಿನಲ್ಲಿದ್ದಾನೆ ಎಂದು ನಂಬುವುದಿಲ್ಲ. ಇನ್ನೂ ಆಗದಿದ್ದರೆ ಹೊರಗೆ ಒಂದು ಮೇಜು ಬಾಡಿಗೆಗೆ ಹಿಡಿಯಿರಿ.

ಸರಕಾರ, ಪಂಚಾಯತ್ ಏನಾದರೂ ಮಾಡುತ್ತಿವೆಯಾ? ಏನು ಮಾಡಬಹುದು?

ರಾಜ್ಯ ಸರಕಾರದ ‘ಬಿಯಾಂಡ್ ಬೆಂಗಳೂರು’ ಯೋಜನೆಯಲ್ಲಿ ಮಂಗಳೂರು ಒಂದು ಕ್ಲಸ್ಟರ್. ‘ಸಿಲಿಕಾನ್ ಬೀಚ್’ ಎಂಬ ಬಿರುದೂ ಸಿಕ್ಕಿದೆ. ಆದರೆ ಆ ಗಮನವೆಲ್ಲ ಕಂಪನಿಗಳ ಮೇಲೆ, ಐಟಿ ಪಾರ್ಕಿನ ಚದರಡಿಯ ಮೇಲೆ. ಒಬ್ಬೊಬ್ಬರಾಗಿ ಲ್ಯಾಪ್‌ಟಾಪ್ ಹಿಡಿದು ಬರುವವರು ಆ ಲೆಕ್ಕದಲ್ಲಿ ಕಾಣುವುದಿಲ್ಲ.

ಕಾಣುವಂತೆ ಮಾಡಿದವರು ಸಣ್ಣ ಊರುಗಳವರು. ಪೋರ್ಚುಗಲ್ಲಿನ ಮದೇರಾ ದ್ವೀಪದ ಪೊಂತಾ ದೊ ಸೊಲ್ ಎಂಬ ಊರಿನಲ್ಲಿ 2021ರ ಫೆಬ್ರವರಿಯಲ್ಲಿ ಸಾಂಸ್ಕೃತಿಕ ಕೇಂದ್ರದೊಳಗೆ ಮೇಜು, ಕುರ್ಚಿ, ಇಂಟರ್ನೆಟ್ ಇಟ್ಟು ಬಾಗಿಲು ತೆರೆದರು, ಬಂದವರಿಗೆ ಮನೆ ಹುಡುಕಿಕೊಡಲು ನೆರವಾದರು. 2025ರಲ್ಲಿ ಸಿಕ್ಕಿಮಿನ ಪಾಕ್ಯೋಂಗ್ ಜಿಲ್ಲೆಯ ಯಾಕ್ತೆನ್ ಹಳ್ಳಿ ಹೋಮ್‌ಸ್ಟೇಗಳಿಗೆ ಇಂಟರ್ನೆಟ್ ಜೋಡಿಸಿ ಇದೇ ದಾರಿ ಹಿಡಿಯಿತು.

ನಮ್ಮಲ್ಲಿ ಇದಕ್ಕೆ ಹೊಸ ಕಟ್ಟಡವೇ ಬೇಡ. ಪ್ರತಿ ಊರಲ್ಲೂ ಸಹಕಾರಿ ಸಂಘದ ಕಟ್ಟಡ ಉಂಟು: ಕೆಳಗೆ ಬ್ಯಾಂಕು, ಮೇಲೆ ಮಹಾಸಭೆಗೆ, ಆಗೊಮ್ಮೆ ಈಗೊಮ್ಮೆ ಸನ್ಮಾನಕ್ಕೆ ತೆರೆಯುವ ಸಭಾಭವನ. ಬ್ಯಾಂಕಿಗೆಂದು ಜನರೇಟರ್ ಇದೆ, ಲೀಸ್ಡ್ ಲೈನ್ ಇದೆ, ಶೌಚಾಲಯ ಇದೆ, ಸ್ಕೂಟರ್ ನಿಲ್ಲಿಸಲು ಜಾಗ ಇದೆ. ಮಳೆಗಾಲದ ನಾಲ್ಕು ತಿಂಗಳು ಅಲ್ಲಿ ಹತ್ತು ಮೇಜು ಹಾಕಿ ದಿನಕ್ಕೆ ಇಷ್ಟು ಎಂದು ವಸೂಲಿ ಮಾಡಿದರೆ ಸಂಘಕ್ಕೂ ಆದಾಯ. ನಿರ್ದೇಶಕರ ಮುಂದೆ ಈ ಮಾತು ತೆಗೆದರೆ ‘ಬೈಲಾದಲ್ಲಿ ಇಲ್ಲ’ ಅನ್ನುತ್ತಾರೆ. ಬೈಲಾ ತಿದ್ದುಪಡಿಗೆಂದೇ ಅಲ್ಲವೇ ಮಹಾಸಭೆ ಇರುವುದು?

ಒಮ್ಮೆ ಬಂದು ನೋಡಬೇಕೆಂದಿದ್ದೇನೆ. ಯಾವ ತಿಂಗಳು ಒಳ್ಳೆಯದು?

ಎಲ್ಲರೂ ಡಿಸೆಂಬರ್ ಅನ್ನುತ್ತಾರೆ. ನಾನು ಜುಲೈ ಅನ್ನುತ್ತೇನೆ. ಡಿಸೆಂಬರಿನಲ್ಲಿ ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚು ನೋಡಿ ಮರುಳಾಗಿ ವರ್ಷದ ಕರಾರಿಗೆ ಸಹಿ ಹಾಕಿದವರು ಜೂನ್ ಕೊನೆಗೆ ಬೆಂಗಳೂರು ಬಸ್ಸು ಹತ್ತುತ್ತಾರೆ. ಜುಲೈಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮೀನು ತುಟ್ಟಿ. ಶಿರಾಡಿಯಲ್ಲಿ ಗುಡ್ಡ ಕುಸಿದು ಬಸ್ಸು ಚಾರ್ಮಾಡಿ ಸುತ್ತಿ ಬರಬಹುದು. ಅಂಥ ಹೊತ್ತಿನಲ್ಲಿ ಎರಡು ವಾರ ಪೂರ್ತಿ ಕೆಲಸದ ದಿನಗಳನ್ನೇ ಇಲ್ಲಿ ಕಳೆಯಿರಿ, ರಜೆ ಹಾಕದೆ. ಮುಖ್ಯವಾದ ವಿಡಿಯೋ ಕಾಲ್‌ಗಳನ್ನು ಅದೇ ಮನೆಯಿಂದ ಮಾಡಿ, ಎಷ್ಟು ಸಲ ಕಡಿಯಿತು ಬರೆದಿಟ್ಟುಕೊಳ್ಳಿ. ಕೇಬಲ್ ಹುಡುಗನ ನಂಬರ್ ಉಳಿಸಿಕೊಳ್ಳಿ. ಸರಿ ಕಂಡರೆ ಆಗಸ್ಟಿನಲ್ಲೇ ಮನೆ ಮಾತಾಡಿ, ಅಕ್ಟೋಬರಿನ ಮೇಲೆ ಕೇಳುವವರು ಹೆಚ್ಚು, ಮಾಲೀಕರ ಧ್ವನಿಯೂ ಬದಲಾಗಿರುತ್ತದೆ.